ಚಂದ್ರದ್ರೋಣದ ಬೆಂಕಿ ಕಾವಲು

ಚಿಕ್ಕಮಗಳೂರನ್ನು ಬಿಟ್ಟು ಮುತ್ತೋಡಿಯ ದಾರಿ ಹಿಡಿದ ಪ್ರಯಾಣಿಕನಿಗೆ ಮಲ್ಲಂದೂರು ತಲಪುವಷ್ಟರಲ್ಲಿ ಬಯಲುಸೀಮೆಯ ನೆನಪೇ ಅಳಿದಿರುತ್ತದೆ. ರಸ್ತೆಯ ಎರಡು ಮಗ್ಗುಲಿಗೂ ಕಾಫಿಯ ತೋಟಗಳು. ಕಾಫಿ ಗಿಡಗಳಿಗೆ ನೆರಳಾಗಿ ನಿಂತ ಸಿಲ್ವರ್ ಓಕ್ ಮರಗಳು. ಆ ಮರಗಳನ್ನು ತಬ್ಬಿ ಮೇಲೇರಿದ ಮೆಣಸಿನ ಬಳ್ಳಿಗಳು. ತೋಟಗಳ ಆಚೆ ಕಾಡು, ಕಾಡಿನ ಮೇಲೆ ಹುಲ್ಲಿನ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮೋಡ. ಬಾಬಾಬುಡನ್ ಗಿರಿಶ್ರೇಣಿ ಇಲ್ಲಿ ಕುದುರೆಯ ಲಾಳದಂತೆ ಬಾಗಿ ಜಾಗರ ಕಣಿವೆಯನ್ನು ತನ್ನ ಮಡಿಲಲ್ಲಿ ಇರಿಸಿಕೊಂಡಿದೆ. ಬಾಲಚಂದ್ರನಂತೆ ಬಾಗಿದ ಈ ಬೆಟ್ಟಸಾಲಿಗೆ ಹಿಂದಿನವರು ಚಂದ್ರದ್ರೋಣವೆಂದು ಹೆಸರಿಟ್ಟುದು ಸಾರ್ಥಕವಾಗಿಯೇ ಇದೆ. ಕರ್ನಾಟಕದ ಅತ್ಯುನ್ನತ ಶಿಖರವಾದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇದೇ ಸಾಲಿನದು. ಕಣಿವೆಯ ನೀರೆಲ್ಲವೂ ಸೋಮವಾಹಿನಿಯಲ್ಲಿ ಕೂಡಿ, ಮುತ್ತೋಡಿಯ ಕಾಡನ್ನು ಹಾದು ಭದ್ರೆಯನ್ನು ಸೇರುತ್ತದೆ.

ಮಳೆಗಾಲ ಮುಗಿದ ಹೊಸತರಲ್ಲಿ ಬಂದವರಿಗೆ ಇಲ್ಲಿ ಹಸಿರಲ್ಲದೆ ಬೇರೆ ಬಣ್ಣ ಕಾಣದು. ಆದರೆ ಈ ಸೀಮೆಗೆ ಇನ್ನೊಂದು ಮುಖವೂ ಉಂಟು. ಶಿವರಾತ್ರಿಯ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಕಾಡಿನ ನೆಲದ ಮೇಲೆ ತರಗೆಲೆ ಮೊಣಕಾಲೆತ್ತರ ಬೀಳುತ್ತದೆ. ಅಂಥ ದಿನಗಳಲ್ಲಿ ಕತ್ತಲಾದ ಮೇಲೆ, ದೂರದ ಗುಡ್ಡದ ಎದೆಯಲ್ಲಿ ಕೆಂಪು ಸರವೊಂದು ಮೆಲ್ಲನೆ ಹರಿದಾಡುವುದು ಒಮ್ಮೊಮ್ಮೆ ಕಾಣುತ್ತದೆ. ಪಟ್ಟಣದಿಂದ ಬಂದ ಮಗು ಅದನ್ನು ಜಾತ್ರೆಯ ಪಂಜಿನ ಮೆರವಣಿಗೆಯೆಂದು ತಿಳಿದು ಚಪ್ಪಾಳೆ ತಟ್ಟೀತು. ಆದರೆ ಊರಿನವನು ಆ ಸರವನ್ನು ಕಂಡು ಕೈಕಟ್ಟಿ ಕುಳಿತಿರಲಾರ. ಅದು ಕಾಳ್ಗಿಚ್ಚು.

ಪಟ್ಟಣದ ಮನೆಗೆ ಬೆಂಕಿ ಬಿದ್ದರೆ 101ಕ್ಕೆ ಕರೆ ಹೋಗುತ್ತದೆ. ಗಂಟೆ ಬಾರಿಸುತ್ತ ಕೆಂಪು ಬಂಡಿ ಬರುತ್ತದೆ. ರಾಜ್ಯದ ಅಗ್ನಿಶಾಮಕ ದಳಕ್ಕೆ ಆಧಾರವಾದ ಶಾಸನ 1964ರದು. ಅದರ ಬಂಡಿಗಳು ದೊಡ್ಡವು, ನೀರು ಧಾರಾಳ, ಸಿಬ್ಬಂದಿ ಧೀರರು. ಆದರೆ ಎಷ್ಟು ದೊಡ್ಡ ಬಂಡಿಯಾದರೂ ರಸ್ತೆ ಮುಗಿದಲ್ಲಿ ನಿಲ್ಲಲೇಬೇಕು. ಗುಡ್ಡದ ಬೆಂಕಿಯಾದರೋ ರಸ್ತೆಯಿಂದ ಗಾವುದ ದೂರದಲ್ಲಿ, ಆಡು ಏರುವ ಇಳಿಜಾರಿನಲ್ಲಿ ಉರಿಯುತ್ತಿರುತ್ತದೆ. ಅಲ್ಲಿಗೆ ಹೋಗಬಲ್ಲುದು ಮನುಷ್ಯನ ಕಾಲೊಂದೇ.

ನೆರೆಹೊರೆಯವರೇ ಸೇರಿ ಬೆಂಕಿ ಆರಿಸುವ ಸಂಘಗಳು ಅನ್ಯ ದೇಶಗಳಲ್ಲಿ ಹೆಸರು ಪಡೆದಿವೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ 1736ರಲ್ಲಿ ಇಂಥ ಸಂಘವೊಂದನ್ನು ಕಟ್ಟಿದನು. ಪ್ರತಿಯೊಬ್ಬ ಸದಸ್ಯನೂ ನೀರಿಗೆ ಚರ್ಮದ ಬಕೆಟ್ಟುಗಳನ್ನೂ, ಸಾಮಾನು ಸಾಗಿಸಲು ಚೀಲಗಳನ್ನೂ ಸಿದ್ಧವಾಗಿಟ್ಟಿರಬೇಕೆಂಬುದು ಅದರ ನಿಯಮ. ಚಿಲಿ ದೇಶದಲ್ಲಿ 1851ರಿಂದ ಇಂದಿನವರೆಗೆ ಈ ಕೆಲಸ ಸ್ವಯಂಸೇವಕರ ಕೈಯಲ್ಲೇ ಇದೆ. ಮಲ್ಲಂದೂರಿನ ಸುತ್ತಲ ಗಿರಿಯಲ್ಲಿ ಬೆಂಕಿಗೆ ಓಡುವವರಿಗೆ ಸಮವಸ್ತ್ರವಿಲ್ಲ, ಹಾಜರಿ ಪುಸ್ತಕವಿಲ್ಲ, ಗಂಟೆಯೂ ಇಲ್ಲ. ಇರುವುದು ಸೊಂಟದ ಕತ್ತಿ, ಕೈಗೆ ಸಿಕ್ಕಿದ ಹಸಿ ಸೊಪ್ಪಿನ ಕೊಂಬೆ, ಜೊತೆಗೆ ನಾಲ್ಕು ಮಂದಿ ನೆರೆಯವರು.

ಸರಕಾರ ಈ ಜನರ ನೆರವನ್ನು ಬಹು ಹಿಂದೆಯೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಭಾರತದ ಕಾಡುಗಳನ್ನು ಬೆಂಕಿಯಿಂದ ಕಾಯುವ ವ್ಯವಸ್ಥಿತ ಪ್ರಯತ್ನ 1860ರ ದಶಕದಲ್ಲಿ ಮಧ್ಯಪ್ರಾಂತದ ಬೋರಿ ಕಾಡಿನಲ್ಲಿ ಆರಂಭವಾಯಿತು. ಭಾರತೀಯ ಅರಣ್ಯ ಕಾಯಿದೆ 1927ರಲ್ಲಿ ಜಾರಿಗೆ ಬಂದಾಗ ಅದರ 79ನೆಯ ಪ್ರಕರಣವು, ಕಾಡಿನಲ್ಲಿ ಹಕ್ಕು ಅನುಭವಿಸುವವರು ಕಾಡಿನ ಬೆಂಕಿ ಆರಿಸಲು ನೆರವಾಗಲೇಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ 1993ರಿಂದ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿಕೊಂಡ ಮೇಲೆ, ಬೆಂಕಿಯ ಕಾವಲು ಅವುಗಳ ಪಾಲಿಗೂ ಬಂತು. ಆದರೆ ಕಾಯಿದೆಯ ಪ್ರಕರಣವನ್ನು ಓದಿಕೊಂಡು ನಡುರಾತ್ರಿ ಹಾಸಿಗೆ ಬಿಟ್ಟೆದ್ದವನು ಯಾರು? ಜನರನ್ನು ಗುಡ್ಡಕ್ಕೆ ಏರಿಸುತ್ತಿದ್ದುದು ಬೇರೆಯೇ ಒಂದು ಲೆಕ್ಕಾಚಾರ.

ಅದು ನೀರಿನ ಲೆಕ್ಕ. ಈ ಗುಡ್ಡಗಳ ನೆತ್ತಿಯೆಲ್ಲ ಹುಲ್ಲು. ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. ಮಳೆಗಾಲದ ನೀರನ್ನು ಹುಲ್ಲೂ ಶೋಲೆಯೂ ಕುಡಿದಿಟ್ಟುಕೊಂಡು, ಬೇಸಗೆಯಲ್ಲಿ ಹನಿಹನಿಯಾಗಿ ತೊರೆಗೆ ಬಿಡುತ್ತವೆ. ಕೆಳಗಿನ ತೋಟದ ಕೆರೆಗೂ, ಮನೆಯ ಹಂಡೆಗೂ ಅದೇ ನೀರು. ಹುಲ್ಲು ಸುಟ್ಟರೂ ಬೇರು ಉಳಿಯುತ್ತದೆ; ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಶೋಲೆಯ ಅಂಚಿನ ಎಳೆಯ ಸಸಿಗಳಿಗೆ ಆ ಭಾಗ್ಯವಿಲ್ಲ. ವರ್ಷವರ್ಷವೂ ಬೆಂಕಿ ಅಂಚನ್ನು ನೆಕ್ಕಿದರೆ ಶೋಲೆ ಒಳಕ್ಕೆ ಕುಗ್ಗುತ್ತದೆ. ಕಾಡಿಗೆ ಬಿದ್ದ ಬೆಂಕಿ ತನ್ನ ತೊರೆಗೇ ಬಿದ್ದಂತೆ ಎಂಬುದನ್ನು ಮಲೆನಾಡಿನ ಬೇಸಾಯಗಾರನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಬೆಂಕಿಯೊಡನೆ ಸೆಣಸುವುದಕ್ಕೂ ಒಂದು ಶಾಸ್ತ್ರವುಂಟು. ಕಾಡು ಪೂರ್ತಿ ಒಣಗುವ ಮೊದಲೇ, ಡಿಸೆಂಬರ್ ಜನವರಿಗಳಲ್ಲಿ, ಅರಣ್ಯ ಇಲಾಖೆಯವರು ಬೆಂಕಿ ರೇಖೆಗಳನ್ನು ತೆಗೆಯಿಸುತ್ತಾರೆ. ಗುಡ್ಡದ ಏಣಿನಲ್ಲಿ, ರಸ್ತೆಯ ಬದಿಯಲ್ಲಿ ಹುಲ್ಲನ್ನೂ ತರಗನ್ನೂ ಅಗಲವಾಗಿ ಸವರಿ, ಕಾವಲಿನಲ್ಲಿಯೇ ಸುಟ್ಟು ಬರಿನೆಲ ಮಾಡುವುದೇ ಈ ರೇಖೆ. ಓಡಿಬಂದ ಬೆಂಕಿಗೆ ಅಲ್ಲಿ ಆಹಾರವಿಲ್ಲ. ಆದರೂ ದಾಟಿ ಬಂದರೆ ಆಳುಗಳು ಸಾಲಾಗಿ ನಿಂತು ಹಸಿ ಕೊಂಬೆಗಳಿಂದ ಉರಿಯನ್ನು ಒತ್ತಿ ಬಡಿಯುತ್ತಾರೆ. ಎತ್ತಿ ಬಡಿದರೆ ಕಿಡಿ ಹಾರಿ ಹಿಂದಣ ಹುಲ್ಲಿಗೆ ಹತ್ತೀತು. ಉರಿ ಮಿತಿ ಮೀರಿದಾಗ ಮುಂದೆ ಸಾಗಿ ಎದುರು ಬೆಂಕಿ ಹಚ್ಚಿ, ಎರಡು ಬೆಂಕಿಗಳೂ ಒಂದನ್ನೊಂದು ಮುಟ್ಟಿ ಸಾಯುವಂತೆ ಮಾಡುವುದೂ ಉಂಟು. ಅದು ಗಾಳಿಯ ಗತಿ ಬಲ್ಲ ಅನುಭವಸ್ಥರಿಗೆ ಮಾತ್ರ ಸಲ್ಲುವ ವಿದ್ಯೆ. ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ನಡೆಯುತ್ತದೆ. ಆದ್ದರಿಂದ ಉರಿಯ ಮೇಲ್ಗಡೆ ನಿಲ್ಲಬಾರದೆಂಬುದು ಮೊದಲ ಪಾಠ. ಇಬ್ಬನಿ ಬೀಳುವ ನಸುಕು ಕಾವಲುಗಾರನ ಮಿತ್ರ. ನಡುಹಗಲಿನ ಗಾಳಿ ಅವನ ಶತ್ರು. ಒಣಗಿದ ಬಿದಿರು ಮೆಳೆಗೆ ಬೆಂಕಿ ಹತ್ತಿದಾಗ ಗೆಣ್ಣುಗಳು ಕೋವಿಯ ಈಡಿನಂತೆ ಸಿಡಿಯುತ್ತವೆ. ಇತ್ತೀಚೆಗೆ ಗಾಳಿ ಊದುವ ಯಂತ್ರಗಳು ಬಂದಿವೆ. ಕೊಂಬೆ ಮಾತ್ರ ಇನ್ನೂ ಕೈಬಿಟ್ಟಿಲ್ಲ.

ಇದು ಅಪಾಯವಿಲ್ಲದ ಸೇವೆಯಲ್ಲ. ಬಂಡೀಪುರದಲ್ಲಿ 2017ರ ಫೆಬ್ರವರಿಯಲ್ಲಿ, ಸಕಲೇಶಪುರದ ಕಾಡಿನಲ್ಲಿ 2023ರ ಫೆಬ್ರವರಿಯಲ್ಲಿ, ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ತೆತ್ತರು. ಪಟ್ಟಣದಲ್ಲಿ ಕಾಫಿಯ ಬಟ್ಟಲು ಹಿಡಿದವರು ಈ ಸಾಲುಗಳನ್ನು ಒಂದು ನಿಮಿಷ ತಡೆದು ಓದಬಹುದು.

ಹಾಗಾದರೆ ಬೆಂಕಿ ಇಡುವವರು ಯಾರು? ಇಲ್ಲಿಯೇ ಕಥೆ ಕಹಿಯಾಗುತ್ತದೆ. ಸಿಡಿಲಿನಿಂದ ಹತ್ತುವ ಕಾಳ್ಗಿಚ್ಚು ನಮ್ಮ ನಾಡಿನಲ್ಲಿ ಅಪರೂಪ. ಉಳಿದುದೆಲ್ಲವೂ ಮನುಷ್ಯನ ಕೈಯಿಂದಲೇ. ದನಗಳಿಗೆ ಎಳೆ ಹುಲ್ಲು ಚಿಗುರಲೆಂದು ಒಬ್ಬ ಕಡ್ಡಿ ಗೀರುತ್ತಾನೆ. ಜೇನು ಇಳಿಸಲು ಹಿಡಿದ ಹೊಗೆಯ ಕೊಳ್ಳಿಯನ್ನು ಇನ್ನೊಬ್ಬ ಮರೆತು ಬರುತ್ತಾನೆ. ಇಲಾಖೆಯ ಮೇಲಣ ಸಿಟ್ಟನ್ನು ಮತ್ತೊಬ್ಬ ಕಾಡಿನ ಮೇಲೆ ತೀರಿಸಿಕೊಳ್ಳುತ್ತಾನೆ. ವಿಹಾರಕ್ಕೆ ಬಂದವನು ಸಿಗರೇಟಿನ ತುಂಡನ್ನು ಎಸೆದು ಕಾರು ಹತ್ತುತ್ತಾನೆ. ಹಚ್ಚುವವನೂ ಆರಿಸುವವನೂ ಒಂದೇ ಊರಿನವರಾಗಿರುವುದುಂಟು. ಆದ್ದರಿಂದ ಕಾಡಿನ ಕಾವಲು ಕೊಂಬೆಯಿಂದ ಆಗುವುದಕ್ಕಿಂತ ಹೆಚ್ಚಾಗಿ ಊರಿನೊಳಗಿನ ಮಾತುಕತೆಯಿಂದ ಆಗಬೇಕು. ಇಲಾಖೆಗೂ ಜನಕ್ಕೂ ಮಾತು ನಿಂತ ವರ್ಷ, ಎಷ್ಟು ಅಗಲದ ಬೆಂಕಿ ರೇಖೆಯೂ ಸಾಲದಾಗುತ್ತದೆ.

ಈಗ ಆ ಊರುಗಳೇ ಬದಲಾಗುತ್ತಿವೆ. ಜಾಗರ ಕಣಿವೆಯ ಕಾಡು 1951ರಲ್ಲಿ ಅಭಯಾರಣ್ಯವಾಯಿತು. 1974ರಲ್ಲಿ ವಿಸ್ತಾರಗೊಂಡು ಭದ್ರೆಯ ಹೆಸರು ಪಡೆಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದ ಹಳ್ಳಿಗಳ ನಾಲ್ಕುನೂರಕ್ಕೂ ಹೆಚ್ಚು ಕುಟುಂಬಗಳು 2001ರ ಸುಮಾರಿಗೆ ಹೊರಗೆ ಬಂದು ಎಂ.ಸಿ. ಹಳ್ಳಿ, ಕೆಳಗೂರುಗಳಲ್ಲಿ ನೆಲೆಸಿದವು. ಅವರಿಗೆ ಶಾಲೆ, ರಸ್ತೆ, ನೀರಾವರಿ ದೊರೆತವು. ಪ್ರಾಣಿಗಳಿಗೆ ನೆಮ್ಮದಿ ದೊರೆಯಿತು. ಒಲೆಯ ಕಿಡಿ, ದನದ ಮಂದೆಗಳು ಕಾಡಿನಿಂದ ದೂರವಾದವು. ಅವುಗಳೊಡನೆ, ಕಾಡಿನ ಒಂದೊಂದು ಕಾಲುದಾರಿಯನ್ನೂ ಬಲ್ಲ ಕಾಲುಗಳೂ ದೂರವಾದವು.

ತೋಟದ ಕಡೆಯ ಮಾತೂ ಹಾಗೆಯೇ. ಕಾಫಿ ಹಣ್ಣಿನ ಕುಯ್ಲು ಮುಗಿಯುವುದು ಫೆಬ್ರವರಿಯ ಹೊತ್ತಿಗೆ. ಬಯಲುಸೀಮೆಯಿಂದಲೂ, ಈಚೀಚೆಗೆ ಅಸ್ಸಾಮಿನಿಂದಲೂ ಬಂದ ಕೆಲಸಗಾರರು ಗಂಟುಕಟ್ಟಿ ಊರಿಗೆ ಹೊರಡುವುದೂ ಆಗಲೇ. ಕೂಲಿಲೈನುಗಳು ಬರಿದಾಗುವ ವಾರ, ಗುಡ್ಡ ಬೆಂಕಿಗೆ ಬಾಯ್ದೆರೆಯುವ ವಾರ, ಎರಡೂ ಒಂದೇ. ಓದಿದ ಮಕ್ಕಳು ಬೆಂಗಳೂರಿನಲ್ಲಿ. ಹಳೆಯ ತೊಟ್ಟಿಮನೆ ಹೋಂಸ್ಟೇ. ಅಲ್ಲಿ ತಂಗಿದ ಅತಿಥಿಗೆ ಬೆಂಕಿ ಕಂಡರೆ ಚಿತ್ರ ತೆಗೆಯಲು ತೋಚೀತು, ಕೊಂಬೆ ಮುರಿಯಲು ತೋಚದು.

ಇದಕ್ಕೆ ಪ್ರತಿಯಾಗಿ ಆಕಾಶದ ಕಣ್ಣೊಂದು ಕಾವಲಿಗೆ ನಿಂತಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯವರು 2004ರಿಂದ ಉಪಗ್ರಹಗಳ ನೆರವಿನಿಂದ ಕಾಡಿನ ಬೆಂಕಿಯ ಸುಳಿವು ಕೊಡುತ್ತಿದ್ದಾರೆ. ಮೊದಲು ಒಂದು ಕಿಲೋಮೀಟರಿನ ಚೌಕದಲ್ಲಿ ಗುರುತು ಸಿಗುತ್ತಿತ್ತು. 2017ರಿಂದ ಬಳಸುವ ಉಪಕರಣದಿಂದ 375 ಮೀಟರಿನಷ್ಟು ಸೂಕ್ಷ್ಮವಾಗಿ ಸಿಗುತ್ತಿದೆ. ಬೆಂಕಿಯ ಸುದ್ದಿ ಅರಣ್ಯ ಸಿಬ್ಬಂದಿಯ ಜೇಬಿನ ಫೋನಿಗೇ ಬರುತ್ತದೆ. ವಿಜ್ಞಾನದ ಈ ಉಪಕಾರ ದೊಡ್ಡದು. ಆದರೆ ಉಪಗ್ರಹ ಕೂಗಬಲ್ಲುದೇ ಹೊರತು ಗುಡ್ಡ ಹತ್ತಲಾರದು. ಕೂಗಿಗೆ ಓಗೊಡುವ ಜನ ಕೆಳಗೆ ಇರಬೇಕು.

ಮಾರ್ಚ್ ಏಪ್ರಿಲುಗಳಲ್ಲಿ ಈ ಸೀಮೆಯವರೆಲ್ಲ ಸಂಜೆಯಾದರೆ ಆಕಾಶ ನೋಡುತ್ತಾರೆ. ತೋಟದವನು ಕಾಯುವುದು ಹೂಮಳೆಯನ್ನು. ಅದು ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿಯ ರೆಂಬೆಗಳೆಲ್ಲ ಮಲ್ಲಿಗೆಯಂತೆ ಬೆಳ್ಳಗೆ ಅರಳಿ ಕಣಿವೆಯೆಲ್ಲ ಘಮಘಮಿಸುತ್ತದೆ. ಬೆಂಕಿಯ ಕಾವಲುಗಾರ ಕಾಯುವುದೂ ಅದೇ ಮಳೆಯನ್ನು. ಅದು ಬಿದ್ದ ರಾತ್ರಿ ಅವನು ತಿಂಗಳುಗಳ ಬಳಿಕ ಕಣ್ತುಂಬ ನಿದ್ದೆ ಮಾಡುತ್ತಾನೆ. ಹೂವಿನ ಕಾಲದಲ್ಲಿ ಮಲ್ಲಂದೂರಿನ ದಾರಿಯಲ್ಲಿ ಸಾಗುವ ಪ್ರಯಾಣಿಕನು ಆ ಪರಿಮಳವನ್ನು ಸವಿಯುತ್ತ ಒಮ್ಮೆ ತಲೆಯೆತ್ತಿ ನೋಡಲಿ. ಗುಡ್ಡದ ಏಣಿನ ಮೇಲೆ ಎಲ್ಲಿಯೋ ಒಂದು ಕರಿಯ ಗೆರೆ ಇದ್ದಕ್ಕಿದ್ದಂತೆ ನಿಂತುಹೋಗಿರುತ್ತದೆ. ಅದರಾಚೆ ಶೋಲೆ ಹಸಿರಾಗಿಯೇ ಇರುತ್ತದೆ. ಆ ಗೆರೆ ತಾನಾಗಿ ನಿಂತುದಲ್ಲ.