ಹನ್ನೆರಡು ವೋಲ್ಟ್ ಅಂತ ಸಸಾರ ಮಾಡಿದೆ

12 ವೋಲ್ಟ್ ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಈ ಅರ್ಧ ತಿಳಿವಳಿಕೆಯನ್ನೇ ನೆಚ್ಚಿಕೊಂಡು ನನ್ನ ಹಳೇ ಓಮ್ನಿಗೆ ನಾನೇ ವೈರಿಂಗ್ ಮಾಡಿದ್ದೆ. ಧಾರವಾಡದ ಮನೆಯಲ್ಲಿ ಹುಡುಗನಿದ್ದಾಗಲೇ ಫ್ಯೂಸ್ ಕಟ್ಟಿದವನು. ಪುಣೆಗೆ ಬಂದ ಮೇಲೂ ಫ್ಲ್ಯಾಟಿಗೆ ಎಲೆಕ್ಟ್ರಿಷಿಯನ್ ಕರೆಸಿದವನಲ್ಲ. ಗಾಡಿ ಯಾವ ಲೆಕ್ಕ!

ರಜೆಯಲ್ಲಿ ಪವನಾ ಜಲಾಶಯ, ಭೋರ್ ಕಡೆ ಹೋಗಿ ಗಾಡಿಯಲ್ಲೇ ಮಲಗುವ ಆಸೆ ನಮ್ಮದು. ಗಾಡಿಯ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಕಾನೂನು ಬಿಡದು. ಹಾಗಾಗಿ ಬ್ಯಾಟರಿ, ಇನ್ವರ್ಟರ್ ಎಲ್ಲವನ್ನೂ ಎತ್ತಿಡಬಹುದಾದ ಪ್ಲೈವುಡ್ ಪೆಟ್ಟಿಗೆಗಳಲ್ಲಿ ಕೂರಿಸಿದೆ. ಬುಧವಾರ ಪೇಠೆಯ ತಪಕೀರ್ ಗಲ್ಲಿಯಿಂದ 1000 ವಾಟಿನ ಇನ್ವರ್ಟರ್ ತಂದೆ. ವೈರಿಗೆ ಮಾತ್ರ ದುಡ್ಡು ಹಾಕಲಿಲ್ಲ. ಫ್ಲ್ಯಾಟಿನ ಗೀಸರಿಗೆ ಎಳೆದು ಉಳಿದಿದ್ದ 4 ಚದರ ಮಿ.ಮೀ. ವೈರು ಇತ್ತು. 2000 ವಾಟಿನ ಗೀಸರನ್ನೇ ತಡೆಯುವ ವೈರು 800 ವಾಟಿನ ಕೆಟಲನ್ನು ತಡೆಯದೇ?

ಪವನಾ ದಂಡೆಯಲ್ಲಿ ಚಹಾಕ್ಕೆ ನೀರಿಟ್ಟೆವು. ಇನ್ವರ್ಟರ್ ಕೀಂ ಕೀಂ ಎನ್ನತೊಡಗಿತು. ಬ್ಯಾಟರಿ ಡಲ್ ಇರಬೇಕೆಂದು, ಅದನ್ನು ಮಾರಿದವನಿಗೆ ಬೈಯುತ್ತಾ ಕೂತೆ. "ಏನೋ ಸುಟ್ಟ ವಾಸನಿ ಬರಾಕತ್ತೈತಿ ನೋಡ್ರಿ," ಎಂದಳು ಹೆಂಡತಿ. ಮ್ಯಾಟ್ ಎತ್ತಿದರೆ ಕೆಂಪು ವೈರು ಮೆತ್ತಗಾಗಿ ಕಪ್ಪಿಗೆ ಅಂಟಿಕೊಂಡಿತ್ತು. ಒಂದು ಕಡೆ ತಾಮ್ರ ಹೊಳೆಯುತ್ತಿತ್ತು. ಕೆಟಲ್ ಕಿತ್ತೆ. ಎರಡು ತಾಮ್ರಗಳೂ ಕೂಡಿದ್ದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತಿತ್ತು, ಅದೂ ಪೆಟ್ರೋಲ್ ಗಾಡಿಯೊಳಗೆ.

ಭೋಸರಿಯ ಒಬ್ಬ ವಾಯರ್‌ಮನ್ ಪೆಟ್ಟಿಗೆ ಬಿಚ್ಚಿದವನೇ ಕೇಳಿದ್ದು ಒಂದೇ ಮಾತು: "ಫ್ಯೂಸ್ ಕುಠೇ ಆಹೇ?" ಎಲ್ಲಿದೆ ಫ್ಯೂಸ್? ನಾನು ಜಂಬದಿಂದ 16 ಆಂಪಿಯರ್ ಎಂಸಿಬಿ ತೋರಿಸಿದೆ. ಅದು ಇನ್ವರ್ಟರಿನ ಆಚೆ, 230 ವೋಲ್ಟಿನ ಕಡೆ ಇತ್ತು. ಅಲ್ಲಿ ಕೆಟಲ್ ಎಳೆಯುವುದು ಮೂರೂವರೆ ಆಂಪಿಯರ್. ಎಂಸಿಬಿ ಏಕೆ ಬೀಳುತ್ತದೆ? ಈಚೆ ಅದೇ 800 ವಾಟನ್ನು 12ರಿಂದ ಭಾಗಿಸಿದರೆ 67 ಆಂಪಿಯರ್, ಇನ್ವರ್ಟರಿನ ನಷ್ಟ ಸೇರಿದರೆ 75ರ ಹತ್ತಿರ. ಗೀಸರ್ ಆ ವೈರಿನಲ್ಲಿ ಎಳೆಯುತ್ತಿದ್ದದ್ದು ಸುಮಾರು 9. ಕೀಂ ಕೀಂ ಸದ್ದಿಗೂ ಬ್ಯಾಟರಿ ಕಾರಣವಲ್ಲ. ವೋಲ್ಟೇಜು ದಾರಿಯಲ್ಲೇ ಇಳಿದು, ಆ ನಷ್ಟವೆಲ್ಲ ವೈರಿನಲ್ಲಿ ಶಾಖವಾಗುತ್ತಿತ್ತು. ಯಂತ್ರ ಎಚ್ಚರಿಸುತ್ತಿದ್ದರೆ ನಾನು ಬೇರೆಯವರನ್ನು ಬೈಯುತ್ತಿದ್ದೆ.

ಎಂಸಿಬಿಯನ್ನೇ ಈಚೆ ತಂದರಾಯಿತಲ್ಲ ಎಂದೆ. ಅದಕ್ಕೂ ಅವನು ತಲೆಯಾಡಿಸಲಿಲ್ಲ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ಆರಲು ಸಂದು ಸಿಗುತ್ತದೆ. ಬ್ಯಾಟರಿಯ ಡಿಸಿಗೆ ಆ ಬಿಡುವಿಲ್ಲ. ಅದಕ್ಕೆಂದೇ ಮಾಡಿದ ಫ್ಯೂಸ್ ಬೇಕು. ಈಗ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 125 ಆಂಪಿಯರ್ ಫ್ಯೂಸ್, ಅಲ್ಲಿಂದ 35 ಚದರ ಮಿ.ಮೀ. ಕೇಬಲ್, ತುದಿಗೆ ಯಂತ್ರದಲ್ಲಿ ಒತ್ತಿಸಿದ ಲಗ್.

ಫ್ಯೂಸ್ ಇರುವುದು ಕೆಟಲ್ ಕಾಯಲು ಅಲ್ಲ, ವೈರು ಕಾಯಲು ಎಂಬುದನ್ನು ಇಷ್ಟು ವರ್ಷ ಫ್ಯೂಸ್ ಕಟ್ಟಿಯೂ ನಾನು ಕಲಿತಿರಲಿಲ್ಲ. ಗಾಡಿಗೆ ವೈರಿಂಗ್ ಮಾಡುವ ಗೆಳೆಯರು ಸಲಹೆ ಕೇಳಿದರೆ ಒಂದನ್ನೇ ಹೇಳುತ್ತೇನೆ: ಅಂಗಡಿಗೆ ಹೋಗುವ ಮೊದಲು ವಾಟನ್ನು ಹನ್ನೆರಡರಿಂದ ಭಾಗಿಸಿ. ಬಂದ ಅಂಕಿ ನೋಡಿ ಎದೆ ಧಸಕ್ಕೆಂದರೆ, ಕೆಟಲ್ ಮನೆಯಲ್ಲೇ ಬಿಡಿ.