ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹುಡುಗನಾಗಿದ್ದಾಗ ನಾನು ಆಡಿದ ಆಟಗಳಲ್ಲೆಲ್ಲ ನನಗೆ ಒಂದೇ ಸ್ಥಾನ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪಕ್ಷ ಹಂಚುವ ನಮ್ಮ ಕ್ರಮ ವಾಚಕರಿಗೆ ನೆನಪಿರಬಹುದು. ಸಮಬಲದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, "ಚಿನ್ನ ಬೇಕೋ, ಬೆಳ್ಳಿ ಬೇಕೋ?" ಎಂದು ನಾಯಕನನ್ನು ಕೇಳುವುದು. ಅವನು ಬೆಳ್ಳಿ ಎಂದರೆ ಬೆಳ್ಳಿ ಅವನ ಪಾಲು, ಚಿನ್ನ ಎದುರಾಳಿಯ ಪಾಲು. ಇದಕ್ಕಿಂತ ನ್ಯಾಯವಾದ ಹಂಚಿಕೆ ಇನ್ನೊಂದಿಲ್ಲವೆಂದು ಈಗಲೂ ನನ್ನ ನಂಬಿಕೆ. ತೊಡಕು ಒಂದೇ, ಹುಡುಗರ ಸಂಖ್ಯೆ ಬೆಸವಾದರೆ ಒಬ್ಬನಿಗೆ ಜೋಡಿ ಇರುವುದಿಲ್ಲ. ಆ ಒಬ್ಬ ನಾನು.

ಈ ಹಳೆಯ ಅವಮಾನ ನೆನಪಾದದ್ದು ಮಗನ ದೆಸೆಯಿಂದ. ಸಿದ್ಧಾರ್ಥನಗರದ ನಮ್ಮ ಮನೆಯ ಮಹಡಿಯಿಂದ ಚಾಮುಂಡಿಬೆಟ್ಟ ಕಾಣುತ್ತದೆ. ಅವನಿಗೆ ಮಾತ್ರ ಕಾಣುವುದು ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಬೆಂಗಳೂರು ಎಫ್‌ಸಿಯ ಪರಮಭಕ್ತ. ಫುಟ್‌ಬಾಲನ್ನೇ ಕಸುಬು ಮಾಡಿಕೊಳ್ಳುತ್ತೇನೆಂದು ಪಿಯುಸಿ ಮುಗಿಯುವ ಮೊದಲೇ ಸಾರಿಬಿಟ್ಟಿದ್ದಾನೆ. ಕನ್ನಡ ಎಂ.ಎ. ಓದುತ್ತೇನೆಂದಾಗ ನನ್ನ ತಂದೆ ಕೇಳಿದ ಪ್ರಶ್ನೆಯನ್ನೇ ನಾನೂ ಕೇಳಿದೆ: "ನಿನ್ನನ್ನು ಯಾರಯ್ಯ ಆರಿಸುತ್ತಾರೆ?"

ಅದಕ್ಕವನು 2017ರ ಜುಲೈ 23ರ ಕಥೆ ಹೇಳಿದ. ಅಂದು ಮುಂಬಯಿಯಲ್ಲಿ ಇಂಡಿಯನ್ ಸೂಪರ್ ಲೀಗಿನ 'ಡ್ರಾಫ್ಟ್'. ಹರಾಜಲ್ಲ, ಆಟಗಾರನ ಬೆಲೆ ಮೊದಲೇ ಗೊತ್ತು, ಕ್ಲಬ್ಬುಗಳು ಸರದಿಯಂತೆ ಹೆಸರು ಕೂಗಬೇಕು. ಬೆಂಗಳೂರು ಸುನಿಲ್ ಛೇತ್ರಿಯವರನ್ನೂ ಉದಾಂತ ಸಿಂಗರನ್ನೂ ಮೊದಲೇ ಉಳಿಸಿಕೊಂಡಿತ್ತು. ಕೈಯಲ್ಲಿ ಯಾರೂ ಇಲ್ಲದ ಹೊಸ ಜಮ್‌ಶೆಡ್‌ಪುರ ಮೊದಲು ಕೂಗಿದ್ದು ಅನಾಸ್ ಎಡತೊಡಿಕ ಅವರನ್ನು, 1 ಕೋಟಿ 10 ಲಕ್ಷ ರೂಪಾಯಿಗೆ. ಅಮೆರಿಕದ ಫುಟ್‌ಬಾಲಿನಲ್ಲಂತೂ (ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಆಟಕ್ಕೆ ಆ ಹೆಸರೇಕೋ!) 1936ರಿಂದಲೂ, ಹಿಂದಿನ ವರ್ಷ ಕಡೆಗೆ ನಿಂತ ತಂಡಕ್ಕೇ ಮೊದಲ ಆಯ್ಕೆ. ಕಡೆಯವನಿಗೆ ಮೊದಲ ಮಣೆ! ನನಗೆ ಬಹಳ ಹಿಡಿಸಿತು. ಆಮೇಲೆ ಹೊಳೆಯಿತು, ಮಣೆ ಕಡೆಯ ತಂಡಕ್ಕೇ ಹೊರತು ಕಡೆಯ ಹುಡುಗನಿಗಲ್ಲ. ನಮ್ಮಲ್ಲಿ ಆ ಪದ್ಧತಿಯೂ ಅಲ್ಲಿಗೇ ನಿಂತು, ಈಗ ಕ್ಲಬ್ಬುಗಳು ನೇರವಾಗಿ ಕರಾರು ಮಾಡಿಕೊಳ್ಳುತ್ತವೆ.

2025ರ ಸೆಪ್ಟೆಂಬರಿನಲ್ಲಿ ತೊಡಗಬೇಕಾಗಿದ್ದ ಲೀಗು ತೊಡಗಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ 2010ರ, 15 ವರ್ಷದ ವ್ಯಾಪಾರದ ಕರಾರು ಡಿಸೆಂಬರಿಗೆ ಮುಗಿಯುವುದಿತ್ತು, ಮುಂದಿನದು ಇತ್ಯರ್ಥವಾಗಿರಲಿಲ್ಲ. ಬೆಂಗಳೂರು ಕ್ಲಬ್ಬು ಆಗಸ್ಟಿನಲ್ಲೇ ಆಟಗಾರರ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ಆಯ್ಕೆಯಾದವರೇ ಲೆಕ್ಕಕ್ಕಿಲ್ಲದವರಾದರು. ನಾನು ಗೆದ್ದೆನೆಂದು ಬೀಗಬಹುದಾಗಿತ್ತು. ಹುಡುಗನ ಮುಖ ನೋಡಿ ಬಾಯಿ ಬರಲಿಲ್ಲ.

2026ರ ಫೆಬ್ರುವರಿ 14ಕ್ಕೆ ಆಟ ತೊಡಗುವುದೆಂದು ಸುದ್ದಿ ಬಂದ ಸಂಜೆ, ಅವನು ಅಜ್ಜಿಯ ತಟ್ಟೆಯಿಂದ 14 ಅಡಿಕೆ ತಂದು ನೆಲದ ಮೇಲೆ ಎದುರುಬದುರಾಗಿ ಎರಡು ಸಾಲು ಜೋಡಿಸಿದ. ಒಂದು ಅಡಿಕೆ ಕದಲಬಾರದು. ಉಳಿದ 13, ಊಟದ ಪಂಕ್ತಿಯಲ್ಲಿ ಜರುಗುವಂತೆ, ಸುತ್ತಿಗೊಂದು ಸ್ಥಾನ ಸರಿಯಬೇಕು. 13 ಸುತ್ತಿಗೆ ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿರುತ್ತಾರೆ. ಒಟ್ಟು 91 ಪಂದ್ಯ. ಹಿಂದಿನಂತೆ ಎರಡೆರಡು ಸಲ ಆಡಲು ದಿನಗಳೆಲ್ಲಿ?

"2024-25ರಲ್ಲಿ 13 ತಂಡ. ಆಗ ಸುತ್ತಿಗೊಂದಕ್ಕೆ ಜೋಡಿ ಇರಲಿಲ್ಲ" ಎಂದ.

"ಪಾಪ, ಅದರ ಗತಿ?"

"ಆ ಸುತ್ತಿಗೆ ವಿಶ್ರಾಂತಿ. ಮುಂದಿನ ಸುತ್ತಿಗೆ ಇನ್ನೊಬ್ಬರ ಸರದಿ."

ಸರದಿ! ನಮ್ಮ ಬೀದಿಯಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ.

ನಾನೂ ನೆಲದ ಮೇಲೆ ಕೂತು ಅಡಿಕೆ ಸರಿಸತೊಡಗಿದೆ. ಏಳನೆಯ ಸುತ್ತಿನಲ್ಲಿದ್ದಾಗ ನಮ್ಮ ತಾಯಿ ಬಂದು, ಬಗ್ಗಿ, ಒಂದನ್ನೆತ್ತಿ ಅಡಕತ್ತರಿಗೆ ಕೊಟ್ಟರು. "ಅಜ್ಜೀ, ಅದು ಬೆಂಗಳೂರು!" ಎಂದು ಹುಡುಗ ಕೂಗುವಷ್ಟರಲ್ಲಿ ಅದು ಎರಡು ಹೋಳಾಗಿತ್ತು.