ಬಿಸಿನೀರಿಗೆ ಒಂಬತ್ತು ಸಾವಿರ?

ಹಡಗಿನ ಟಿಕೆಟ್‌ಗೆ ಒಮ್ಮೆ ದುಡ್ಡು ಕೊಟ್ಟಾಗಿದೆ. ಊಟ, ರೂಮು, ಡೆಕ್ ಮೇಲಿನ ಈಜುಕೊಳ ಎಲ್ಲ ಅದರಲ್ಲೇ ಸೇರಿದೆ. ಹಾಗಿದ್ದ ಮೇಲೆ ಅದೇ ಹಡಗಿನ ಸ್ಪಾದಲ್ಲಿರೋ ಬಿಸಿನೀರಿನ ಕೊಳಕ್ಕೆ ಮತ್ತೆ ಬೇರೆ ದುಡ್ಡು ಕೊಡಬೇಕಾ? ಹಾಸ್ಟೆಲ್‌ನಲ್ಲಿ ಬಿಸಿನೀರಿನ ಬಕೆಟ್‌ಗೆ ಕ್ಯೂ ನಿಲ್ಲೋ ನಮಗೆ ಈ ಪ್ರಶ್ನೆ ಬರೋದೇ ಇಲ್ಲ ಅಂತ ನೀವು ನಗಬಹುದು. ನನಗೆ ಬಂತು. ಅದೂ ಸೆಮ್ ಎಂಡ್ ಪರೀಕ್ಷೆಗೆ ಒಂದು ವಾರ ಇರುವಾಗ.

ನಮ್ಮ ದೊಡ್ಡಪ್ಪನ ಮಗಳು ಸಿಂಗಪುರದಲ್ಲಿದ್ದಾಳೆ. ಮಲ್ಲಟದಿಂದ ಹೊರಗೆ ಹೋಗಿ ನೆಲೆ ನಿಂತವರಲ್ಲಿ ನಮ್ಮ ಮನೆಯ ಮಟ್ಟಿಗೆ ಅವಳೇ ಮೊದಲು. ಅಪ್ಪ ಅವ್ವನನ್ನು ಕರೆಸಿಕೊಂಡು ಮೂರು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಳು. ಮೊದಲ ದಿನ ಮಧ್ಯಾಹ್ನ ಹೊರಡೋದು, ಎರಡನೇ ದಿನ ಪೆನಾಂಗ್, ಮೂರನೇ ದಿನ ಪೂರ್ತಿ ಸಮುದ್ರ, ನಾಲ್ಕನೇ ದಿನ ಬೆಳಿಗ್ಗೆ ವಾಪಸ್. ಒಂದು ರಾತ್ರಿ ಮೆಸೇಜ್ ಹಾಕಿದಳು: "ಲೇ ತಮ್ಮಾ, ಸ್ಪಾದಾಗ ಥರ್ಮಲ್ ಸ್ವೀಟ್ ಪಾಸ್ ಅಂತ ಅದ. ಒಬ್ಬೊಬ್ಬರಿಗೆ ನಮ್ಮ ರೊಕ್ಕದಾಗ ಒಂಬತ್ತು ಸಾವಿರ. ನೀ ಇಂಜಿನಿಯರ್ ಅಲ್ಲೇನು, ಲೆಕ್ಕ ಹಾಕಿ ಹೇಳು."

ರಾಯಚೂರು ಜಿಲ್ಲೆಯವರಿಗೆ ಥರ್ಮಲ್ ಅಂದರೆ ಒಂದೇ ಅರ್ಥ: ಶಕ್ತಿನಗರ. 1985ರಲ್ಲಿ ಮೊದಲ ಘಟಕ ಶುರುವಾಗಿ ಇವತ್ತು 1,720 ಮೆಗಾವ್ಯಾಟ್ ಸಾಮರ್ಥ್ಯ ಇರೋ ಆರ್‌ಟಿಪಿಎಸ್. ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು, "ಹಡಗಿನಾಗೂ ಥರ್ಮಲ್ ಇಟ್ಟಾರೇನು? ಬೂದಿ ಎಲ್ಲಿ ಚೆಲ್ತಾರ?"

ಬೂದಿ ಇಲ್ಲ. ಥರ್ಮಲ್ ಸ್ವೀಟ್ ಅಂದರೆ ಸ್ಪಾದ ಒಳಗಿನ ಕೆಲವು ಕೋಣೆಗಳು. ಒಂದರಲ್ಲಿ ಆವಿ, ಒಂದರಲ್ಲಿ ಒಣ ಬಿಸಿಯ ಸೌನಾ, ಸಮುದ್ರ ನೋಡ್ತಾ ಮಲಗೋಕೆ ಬಿಸಿ ಮಾಡಿದ ಟೈಲ್ಸ್ ಆಸನಗಳು, ನಡುವೆ ಬೆನ್ನು ಸೊಂಟಕ್ಕೆ ನೀರು ಚಿಮ್ಮಿಸೋ ಬೆಚ್ಚನೆಯ ಕೊಳ. ಬಿಸಿನೀರಿನ ಇಂಥ ತೊಟ್ಟಿಗಳಿಗೆ ಅಮೆರಿಕದ ಸಿಡಿಸಿ ಹೇಳುವ ಗರಿಷ್ಠ ಮಿತಿ 40 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳಲ್ಲಿ ನಮ್ಮೂರಿನ ಗಾಳಿಯೇ ಅದನ್ನು ದಾಟುತ್ತೆ, ಅದೂ ಪಾಸಿಲ್ಲದೆ. ಹಾಗಾಗಿ ನನ್ನ ಮೊದಲ ಉತ್ತರ ನಿಮಗೆ ಗೊತ್ತೇ ಇದೆ. ಆದರೂ ಲೆಕ್ಕ ಹಾಕೋಕೆ ಹೇಳಿದ್ದಳಲ್ಲ, ಹಾಕಿದೆ.

ಮೊದಲ ಪ್ರಶ್ನೆ: ಅಷ್ಟು ದೊಡ್ಡ ಹಡಗಿನಲ್ಲಿ ಎಲ್ಲರಿಗೂ ಸಾಲುವಷ್ಟು ದೊಡ್ಡ ಕೊಳ ಯಾಕೆ ಕಟ್ಟೋದಿಲ್ಲ? ಇದಕ್ಕೆ ಉತ್ತರ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲೇ ಇದೆ. ಹಡಗು ಒಂದು ಕಡೆ ವಾಲಿದಾಗ ಕೊಳದ ನೀರೂ ಅದೇ ಕಡೆಗೆ ಸರಿಯುತ್ತೆ, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತೆ. ಇದು ಫ್ರೀ ಸರ್ಫೇಸ್ ಎಫೆಕ್ಟ್. ಮೆಟಾಸೆಂಟ್ರಿಕ್ ಎತ್ತರದಲ್ಲಿ ಆಗೋ ನಷ್ಟ ನೀರಿನ ಮೇಲ್ಮೈಯ ಎರಡನೇ ಮೊಮೆಂಟ್‌ಗೆ, ಅಂದರೆ ಉದ್ದ ಗುಣಿಸು ಅಗಲದ ಘನ ಭಾಗಿಸು 12ಕ್ಕೆ, ಅನುಪಾತದಲ್ಲಿರುತ್ತೆ. ಕೊಳದ ಅಗಲ ಎರಡು ಪಟ್ಟು ಮಾಡಿದರೆ ತೊಂದರೆ ಎಂಟು ಪಟ್ಟು. ಅದೇ ಕೊಳವನ್ನು ಅಗಲದಲ್ಲಿ ಎರಡು ಭಾಗ ಮಾಡಿದರೆ ಒಟ್ಟು ತೊಂದರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಮೇಲಾಗಿ ಕೊಳ ಇರೋದು ಮೇಲಿನ ಡೆಕ್‌ನಲ್ಲಿ. ಅಷ್ಟು ಎತ್ತರದಲ್ಲಿ ಟನ್‌ಗಟ್ಟಲೆ ನೀರು ಇಟ್ಟರೆ ಗುರುತ್ವ ಕೇಂದ್ರವೂ ಮೇಲಕ್ಕೆ ಹೋಗುತ್ತೆ. ಆದ್ದರಿಂದ ಹಡಗಿನ ಕೊಳಗಳು ಫೋಟೋದಲ್ಲಿ ಕಾಣೋದಕ್ಕಿಂತ ಚಿಕ್ಕವು. ಬಂದರಿಲ್ಲದ ದಿನ ಸಾವಿರಾರು ಜನ ಹಡಗಿನಲ್ಲೇ ಇರ್ತಾರೆ, ಡೆಕ್ ಮೇಲಿನ ಕೊಳ ಜಾತ್ರೆ ದಿನದ ಹೊಂಡದ ಥರ ಆಗುತ್ತೆ.

ಅಂದರೆ ಸ್ಪಾ ಪಾಸಿನಲ್ಲಿ ಮಾರಾಟ ಆಗ್ತಿರೋದು ನೀರಲ್ಲ, ಜನ ಇಲ್ಲದಿರುವಿಕೆ. ನೀರಿಗಾಗಲಿ, ಕಾಯಿಸೋದಕ್ಕಾಗಲಿ ಹಡಗಿಗೆ ಅಂಥಾ ಬರ ಇಲ್ಲ. ಸಮುದ್ರದ ನೀರನ್ನು ಎಂಜಿನ್ನಿನ ಬಿಸಿಯಿಂದ ಆವಿ ಮಾಡಿ, ಇಲ್ಲವೇ ರಿವರ್ಸ್ ಆಸ್ಮೋಸಿಸ್‌ನಿಂದ ಸಿಹಿನೀರು ಮಾಡಿಕೊಳ್ತಾರೆ. ಬರ ಇರೋದು ಜಾಗಕ್ಕೆ. ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕಾನನ್ 1965ರಲ್ಲಿ ಇಂಥ ವಸ್ತುಗಳ ಬಗ್ಗೆಯೇ ಬರೆದ, ಅವನ್ನು ಕ್ಲಬ್ ಸರಕು ಅಂತಾರೆ. ಹತ್ತು ಜನ ಬಳಸಿದರೆ ಹನ್ನೊಂದನೆಯವನಿಂದ ಯಾರಿಗೂ ತೊಂದರೆ ಇಲ್ಲ, ಆದರೆ ಒಂದು ಮಿತಿ ದಾಟಿದ ಮೇಲೆ ಒಬ್ಬೊಬ್ಬರು ಬಂದಂತೆಲ್ಲ ಎಲ್ಲರ ಸುಖವೂ ಕಡಿಮೆ. ಬಾಗಿಲಲ್ಲಿ ಫೀ ಇಡೋದು ಅದಕ್ಕೇ. ಕೆಲವು ಕಂಪನಿಗಳು ಪಾಸುಗಳ ಸಂಖ್ಯೆಗೂ ಮಿತಿ ಹಾಕ್ತವೆ. ವೈಕಿಂಗ್‌ನಂಥ ಕಂಪನಿಯ ಸಮುದ್ರಯಾನದ ಹಡಗುಗಳಲ್ಲಿ ಮಾತ್ರ ಇದೆಲ್ಲ ಟಿಕೆಟ್‌ನಲ್ಲೇ ಸೇರಿರುತ್ತೆ. ಟಿಕೆಟ್ಟೇ ದುಬಾರಿ, ಅದು ಬೇರೆ ಮಾತು.

ಎರಡನೇ ಪ್ರಶ್ನೆ: ಎಷ್ಟು ಗಂಟೆ ಬಳಸ್ತಾರೆ? ಬ್ರೋಷರ್ ಪ್ರಕಾರ ಸ್ಪಾ ಬೆಳಿಗ್ಗೆಯಿಂದ ರಾತ್ರಿವರೆಗೆ ತೆರೆದಿರುತ್ತೆ, ಆ ಲೆಕ್ಕದಲ್ಲಿ ಗಂಟೆಗೆ ಚಿಲ್ಲರೆ ದುಡ್ಡು. ನಿಜದ ಲೆಕ್ಕ ಬೇರೆ. ಮೊದಲ ದಿನ ಸುರಕ್ಷತಾ ಡ್ರಿಲ್, ರೂಮು, ಊಟ. ಎರಡನೇ ದಿನ ಪೆನಾಂಗ್ ಸುತ್ತಿ ಕಾಲು ನೋವು. ನಾಲ್ಕನೇ ದಿನ ಪ್ಯಾಕಿಂಗ್. ಎಷ್ಟು ಧಾರಾಳವಾಗಿ ಹಿಡಿದರೂ ಒಬ್ಬರಿಗೆ ಐದು ಗಂಟೆ. ಗಂಟೆಗೆ 1,800 ರೂಪಾಯಿ. ನಾಲ್ಕು ಜನಕ್ಕೆ ಒಟ್ಟು 36,000.

ಪೂರ್ತಿ ಪಾಸ್ ಕೊಳ್ಳೋ ಆಸೆಗೆ ಒಂದು ಹೆಸರಾಂತ ಅಧ್ಯಯನವೂ ಇದೆ. 2006ರಲ್ಲಿ ಡೆಲ್ಲಾವಿನ್ಯ ಮತ್ತು ಮಾಲ್ಮೆಂಡಿಯರ್ ಅನ್ನೋ ಇಬ್ಬರು ಅಮೆರಿಕದ ಜಿಮ್‌ಗಳ ದಾಖಲೆ ನೋಡಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕೊಟ್ಟವರು ಸರಾಸರಿ ಹೋಗ್ತಿದ್ದದ್ದು ತಿಂಗಳಿಗೆ 4.3 ಸಲ. ಅಂದರೆ ಒಂದು ಸಲಕ್ಕೆ 17 ಡಾಲರ್ ಮೇಲೆ. ಅದೇ ಜಿಮ್‌ನಲ್ಲಿ ಹತ್ತು ಸಲದ ಪಾಸ್ ತಗೊಂಡಿದ್ದರೆ ಒಂದು ಸಲಕ್ಕೆ 10 ಡಾಲರ್ ಸಾಕಿತ್ತು. ನಾವು ಕೊಳ್ಳೋದು ನಾಳೆಯ ನಮ್ಮನ್ನು ನಂಬಿ, ಹೋಗಬೇಕಾದವರು ಮಾತ್ರ ಇವತ್ತಿನ ನಾವೇ. ನಮ್ಮ ಹಾಸ್ಟೆಲ್‌ನ ಜನವರಿ ಜಿಮ್ ಗಿರಾಕಿಗಳಿಗೆ ಇದನ್ನು ವಿವರಿಸೋ ಅಗತ್ಯ ಇಲ್ಲ.

ಇಷ್ಟು ಲೆಕ್ಕ ಅಕ್ಕನಿಗೆ ಕಳಿಸೋ ಮೊದಲು ದೊಡ್ಡಪ್ಪನ ಜೊತೆ ಮಾತಾಡಿದೆ. ಅವರದು ಒಂದೇ ಮಾತು. "ನೀರಾಗ ಇಳಿಯಾಕ ಯಾರಾರ ರೊಕ್ಕ ಕೊಡ್ತಾರೇನಲೇ? ಬೆನ್ನಿಗೆ ಡಬ್ಬಿ ಕಟ್ಕೊಂಡು ಬಾವಿಗೆ ಜಿಗಿದು ಈಸು ಕಲ್ತೀವಿ. ಕಾಲುವಿಗೆ ನೀರು ಬಿಟ್ರ ದಿನಾ ಜಳಕ ಅಲ್ಲೇ."

ನನಗೂ ಈಜು ಬಂದದ್ದು ಹಾಗೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ನಮ್ಮದು. ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು ನೀರು ಬರಲಿಲ್ಲ ಅಂತ ರಸ್ತೆಗೆ ಇಳಿಯೋದು ಹೊಸದೇನಲ್ಲ. ಅಂಥಾ ಕಡೆ ನೀರು ಬಂದ ದಿನ ಹುಡುಗರಿಗೆ ಹಬ್ಬ. ಎದೆ ಮಟ್ಟ ನೀರು, ಎರಡು ತಾಸು, ಪೈಸೆ ಖರ್ಚಿಲ್ಲ.

"ದೊಡ್ಡವ್ವನೂ ಈಸ್ತಿದ್ದಳೇನು?" ಅಂತ ಕೇಳಿದೆ. ದೊಡ್ಡಪ್ಪ ನಕ್ಕರು. "ಹೆಣ್ಣುಮಕ್ಕಳು ಎಲ್ಲಿ ಈಸ್ತಾರೋ?"

ಇಲ್ಲಿ ನನ್ನ ಲೆಕ್ಕದ ಹಾಳೆಗೆ ಒಂದು ಹೊಸ ಕಾಲಂ ಬೇಕಾಯ್ತು. ದೊಡ್ಡವ್ವ ಆ ಕಾಲುವೆಯಲ್ಲಿ ಬಟ್ಟೆ ಒಗೆದಿದ್ದಾಳೆ, ನೀರು ಹೊತ್ತಿದ್ದಾಳೆ, ಮಂಡಿವರೆಗೆ ಕೆಸರಿನಲ್ಲಿ ನಿಂತು ಭತ್ತದ ಸಸಿ ಹಚ್ಚಿದ್ದಾಳೆ. ಅರವತ್ತೆರಡು ವರ್ಷದಲ್ಲಿ ಒಮ್ಮೆಯೂ ಕುತ್ತಿಗೆ ಮಟ್ಟ ನೀರಿನಲ್ಲಿ ನಿಂತಿಲ್ಲ. ಬಾವಿ ಪುಕ್ಕಟೆ, ನಿಜ, ಆದರೆ ಅದಕ್ಕೂ ಪಾಸ್ ಇತ್ತು. ಗಂಡಾಗಿರಬೇಕು. ಎಷ್ಟೋ ಊರುಗಳಲ್ಲಿ ಇಂಥಾ ಕೇರಿಯವನೇ ಆಗಿರಬೇಕು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ಹೋಗಿ ನೀರು ಕುಡಿದದ್ದು, ಪುಕ್ಕಟೆ ನೀರಿಗೆ ಹಾಕಿದ್ದ ಆ ಬೇಲಿಯ ವಿರುದ್ಧವೇ. ದುಡ್ಡಿನ ಬೇಲಿ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಒಂಬತ್ತು ಸಾವಿರ ಇಲ್ಲದವರು ಆ ಬಾಗಿಲ ಆಚೆಯೇ ಉಳೀತಾರೆ. ಆದರೆ "ನಮ್ಮ ಕಡೆ ನೀರು ಎಲ್ಲರಿಗೂ ಪುಕ್ಕಟೆ" ಅನ್ನೋ ಮಾತಿನ "ಎಲ್ಲರಿಗೂ" ಒಳಗೆ ದೊಡ್ಡವ್ವ ಇರಲಿಲ್ಲ.

ಆಕೆಯ ಮೊಣಕಾಲು ಸವೆದಿವೆ. ನೆಲದ ಮೇಲೆ ಕೂತರೆ ಏಳೋಕೆ ಗೋಡೆ ಬೇಕು. ಇಲ್ಲಿ ಆರ್ಕಿಮಿಡೀಸ್ ಕೆಲಸಕ್ಕೆ ಬರ್ತಾನೆ. ಸೊಂಟದ ಮಟ್ಟ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳೋ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತೆ, ಕುತ್ತಿಗೆ ಮಟ್ಟಕ್ಕೆ ಹೋದರೆ ಹತ್ತನೇ ಒಂದು ಭಾಗದ ಹತ್ತಿರ. ಫಿಸಿಯೋಥೆರಪಿಯವರು ನೀರಿನಲ್ಲಿ ನಡೆಸೋದು ಇದಕ್ಕೇ. ಡೆಕ್ ಮೇಲಿನ ಕೊಳದಲ್ಲೂ ಇದೇ ಭೌತಶಾಸ್ತ್ರ ಪುಕ್ಕಟೆ ಸಿಗುತ್ತೆ. ಆದರೆ ಮ್ಯೂಸಿಕ್ಕು, ಕೂಗು, ಮೊಬೈಲ್ ಕ್ಯಾಮೆರಾ, ಇನ್ನೂರು ಜನರ ಕಣ್ಣು ಇರೋ ಕಡೆ ನಮ್ಮ ದೊಡ್ಡವ್ವ ಕಾಲಿನ ಬೆರಳನ್ನೂ ಅದ್ದೋದಿಲ್ಲ. ಅವಳ ಮಟ್ಟಿಗೆ ಆ ಕೊಳ ಇಲ್ಲದ್ದಕ್ಕೆ ಸಮ.

ಹಾಗಾಗಿ ಅಕ್ಕನಿಗೆ ಬರೆದದ್ದು ಇಷ್ಟು. ನಾಲ್ಕು ಪಾಸ್ ಬೇಡ. ದೊಡ್ಡಪ್ಪನಿಗೆ, ಮಾಮಾಗೆ ಮೇಲಿನ ಕೊಳ ಸಾಕು. ಒಂದು ದಿನದ ಪಾಸ್ ಸಿಗುತ್ತಾ ಕೇಳು. ಸಿಕ್ಕರೆ ಸಮುದ್ರದ ದಿನಕ್ಕೆ ಎರಡೇ ತಗೋ, ದೊಡ್ಡವ್ವಂದು ಮತ್ತು ನಿಂದು. ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ಹೋಗ್ರಿ. ಬಿಪಿ ಇದೆಯಲ್ಲ, ಡಾಕ್ಟರನ್ನು ಕೇಳು. ಸೌನಾ, ಆವಿ ಕೋಣೆ ಬೇಡವೇ ಬೇಡ. ಕಾಟನ್ ಬಟ್ಟೆಯ ಎಳೆ ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತೆ, ಸೀರೆಯಲ್ಲಿ ಇಳಿಸೋದಿಲ್ಲ. ಮೈತುಂಬ ಮುಚ್ಚೋ ಈಜುಡುಗೆ ಮೊದಲೇ ತಂದಿಡು.

ದಿನದ ಪಾಸ್ 3,500 ಅಂದರು. ಎರಡಕ್ಕೆ 7,000. ಗಂಟೆಯ ಲೆಕ್ಕದಲ್ಲಿ ಉಳಿತಾಯ ಏನೂ ಇಲ್ಲ, ಎರಡು ಗಂಟೆ ಬಳಸಿದರೆ ಗಂಟೆಗೆ 1,750. ಉಳಿದದ್ದು ಬಳಸದೇ ಹೋಗ್ತಿದ್ದ 29,000.

ದೊಡ್ಡವ್ವನಿಗೆ ರೇಟು ಹೇಳಬೇಡ ಅಂದಿದ್ದೆ, ಅಕ್ಕ ಹೇಳಿಬಿಟ್ಟಳು. ದೊಡ್ಡವ್ವ ಎಲ್ಲವನ್ನೂ ಆಳಿನ ಲೆಕ್ಕಕ್ಕೆ ತಿರುಗಿಸ್ತಾಳೆ. ಹತ್ತಿ ಬಿಡಿಸೋರಿಗೆ ನಮ್ಮ ಹೊಲದಲ್ಲಿ ದಿನಕ್ಕೆ 300 ಕೊಡ್ತೀವಿ. "ಏಳು ಸಾವಿರ ಅಂದ್ರ ಇಪ್ಪತ್ಮೂರು ಆಳಿನ ಕೂಲಿ! ನೀರಾಗ ನಿಂದ್ರಾಕ? ನಾ ಒಲ್ಲೆ." ಒಂದು ಸಂಜೆಯೆಲ್ಲ ಮುನಿಸು. ಕೊನೆಗೆ ಒಪ್ಪಿದ್ದು ಯಾಕೆ ಗೊತ್ತಾ? ಪಾಸ್ ವಾಪಸ್ ಮಾಡಿದರೆ ರೊಕ್ಕ ಬರೋದಿಲ್ಲ ಅಂದದ್ದಕ್ಕೆ. ಸಂಕ್ ಕಾಸ್ಟ್ ಅಂತ ನಾವು ಓದಿದ್ದು ಇಲ್ಲಿ ಒಳ್ಳೇ ಕೆಲಸಕ್ಕೆ ಬಂತು.

ಮೂರನೇ ದಿನ ಬೆಳಿಗ್ಗೆ ಕೊಳದಲ್ಲಿ ಇವರಿಬ್ಬರ ಜೊತೆ ಇದ್ದದ್ದು ಒಬ್ಬ ಮುದುಕಿ ಮಾತ್ರವಂತೆ, ಕಣ್ಣು ಮುಚ್ಚಿಕೊಂಡು. ದೊಡ್ಡವ್ವ ಮೊದಲ ಹತ್ತು ನಿಮಿಷ ಕಂಬಿ ಬಿಡಲಿಲ್ಲ. ಆಮೇಲೆ ಹೆಗಲ ಮಟ್ಟ ಇಳಿದಳು. ಈ ದಂಡೆಯಿಂದ ಆ ದಂಡೆಗೆ ನಡೆದಳು. ಕಂಬಿ ಹಿಡಿಯದೆ ಒಮ್ಮೆ ಕುಕ್ಕರುಗಾಲಲ್ಲಿ ಕೂತು ಎದ್ದಳು, ಮತ್ತೆ ಕೂತು ಎದ್ದಳು. ಅಕ್ಕ ಹೆದರಿ ಕೈ ಹಿಡಿಯೋಕೆ ಹೋದರೆ ಕೊಸರಿಕೊಂಡಳಂತೆ. ಎರಡು ಸಲ ಹೊರಗೆ ಬಂದು ಕೂತು, ನೀರು ಕುಡಿದು, ಮತ್ತೆ ಇಳಿದಳು.

ಆ ರಾತ್ರಿ ನಾನು ಫೋನ್ ಮಾಡಿ "ಹೆಂಗಿತ್ತು ದೊಡ್ಡವ್ವ?" ಅಂದೆ. "ಈ ಮೊಣಕಾಲು ನನ್ನವಲ್ಲೇನೋ ಅನ್ನಂಗಾತಪಾ. ಹೊಸ ಹುಡುಗಿ ಕಾಲು ಹಚ್ಚಿದಂಗ" ಅಂದಳು. ನೋವು ಹೋಯ್ತಾ ಅಂದರೆ, ಇಲ್ಲ, ಸಂಜೆ ಮೆಟ್ಟಿಲು ಹತ್ತುವಾಗ ಮತ್ತೆ ಶುರುವಾಗಿತ್ತು. ಯಾವ ಬಿಸಿನೀರೂ ಸವೆದ ಕೀಲನ್ನು ಒಂದು ಬೆಳಿಗ್ಗೆಯಲ್ಲಿ ತುಂಬಿಸೋದಿಲ್ಲ.

ನಾಳೆ ನಮ್ಮಲ್ಲಿ ಹಲವರು ಕೆಲಸ ಸಿಕ್ಕ ಮೇಲೆ ಅಪ್ಪ ಅಮ್ಮನನ್ನು ಎಲ್ಲಾದರೂ ಕರ್ಕೊಂಡು ಹೋಗ್ತೀವಿ. ಹಡಗೇ ಆಗಬೇಕಿಲ್ಲ, ರೆಸಾರ್ಟ್ ಆಗಬಹುದು, ಊರಿನ ಈಜುಕೊಳದ ಮಹಿಳೆಯರ ಬ್ಯಾಚ್ ಆಗಬಹುದು. ನನ್ನ ಸಲಹೆ ಸರಳ. ಬಂದರುಗಳೇ ಹೆಚ್ಚಿರೋ ಪ್ರವಾಸದಲ್ಲಿ ಪಾಸ್ ಬೇಡ. ಆರೋಗ್ಯವಂತ, ಸಂಕೋಚವಿಲ್ಲದ ಹುಡುಗರಿಗೆ ಬೇಡ. ಹತ್ತಿದ ಮೊದಲ ದಿನವೇ ಸ್ಪಾದೊಳಗೆ ಹೋಗಿ ನೋಡಿ, ಕೊಳ ಎಷ್ಟು ದೊಡ್ಡದು, ಎಷ್ಟು ಪಾಸ್ ಮಾರ್ತಾರೆ ಅಂತ ಕೇಳಿ, ಆಮೇಲೆ ನಿರ್ಧಾರ ಮಾಡಿ. ಪೂರ್ತಿ ಪಾಸಿಗಿಂತ ದಿನದ ಪಾಸ್ ಮೊದಲು. ಬೇರೆಲ್ಲೂ ನೀರಿಗೆ ಇಳಿಯೋಕೆ ಆಗದವರು ಜೊತೆಗಿದ್ದರೆ ಮಾತ್ರ ಗಂಟೆಯ ರೇಟು ನೋಡಬೇಡಿ, ಕೊಡಿ.

ಫೋನ್ ಇಡೋ ಮುಂಚೆ ದೊಡ್ಡವ್ವ ಇನ್ನೊಂದು ಮಾತು ಹೇಳಿದಳು. "ಮುಂದಿನ ಸಲ ನಿಮ್ಮವ್ವನ್ನೂ ಕರ್ಕೊಂಡು ಬಾ. ಅಕಿನೂ ಎಂದೂ ಇಳಿದಿಲ್ಲ." ಆಮೇಲೆ ದನಿ ಇಳಿಸಿ, "ರೇಟು ಮಾತ್ರ ಹೇಳಬ್ಯಾಡ."